ಅಕ್ಕನ ಕೊಬ್ಬರಿ ಹಲ್ಲು

ಹಲ್ಲಿನ ಡಾಕ್ಟರಮ್ಮ ನನ್ನ ಕೈಲಿ ಹೇಳಿಕಳಿಸಿದ ಒಂದು ಮಾತನ್ನು ನಾನು ನಮ್ಮಕ್ಕನಿಗೆ ಹೇಳಲಿಲ್ಲ. ಹೇಳಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಹೇಳಿದೆ, ಆದರೆ ತಿದ್ದಿ ಹೇಳಿದೆ. “ಈ ವಾರವೇ ಹಲ್ಲು ಕೀಳಬೇಕು” ಅಂದದ್ದನ್ನು “ಹದಿನೈದು ದಿನ ಬಿಟ್ಟು ಬನ್ನಿ ಅಂದರು” ಎಂದು ಮಾಡಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇನ್ನೊಬ್ಬರ ವಾಕ್ಯ ತಿದ್ದಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆ ಒಂದು ತಿದ್ದುಪಡಿಗೆ ನಮ್ಮಕ್ಕನ ಪ್ರಾಣವೇ ಹೋಗುವುದರಲ್ಲಿತ್ತು.

ತಪ್ಪಿನ ವಿಷಯಕ್ಕೆ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಅದಕ್ಕೆ ಮೊದಲು ನಮ್ಮಕ್ಕ ಎಂಥವಳು ಅನ್ನುವುದು ನಿಮಗೆ ಗೊತ್ತಾಗಬೇಕು. ತಿಪಟೂರು ಸೀಮೆಯಲ್ಲಿ ಕೊಬ್ಬರಿಯ ಬಗ್ಗೆ ಮಾತಾಡದವರು ಯಾರಿದ್ದಾರೆ ಹೇಳಿ? ಆದರೆ ಕೊಬ್ಬರಿಯೇ ಬಾಯಿಬಿಟ್ಟು ಯಾರ ಹತ್ತಿರವಾದರೂ ಮಾತಾಡಿದ್ದರೆ ಅದು ನಮ್ಮಕ್ಕನ ಹತ್ತಿರ ಮಾತ್ರ. ಅದರಲ್ಲೂ ಅವಳ ಎಡಗಡೆ ಕೆಳದವಡೆಯ ಹಿಂದಿನ ಹಲ್ಲಿನ ಹತ್ತಿರ. ಬಿಳಿಗೆರೆ ಪಕ್ಕದ ನಮ್ಮೂರಿನಲ್ಲಿ ಅದಕ್ಕೆ ‘ಕೊಬ್ಬರಿ ಹಲ್ಲು’ ಎಂದೇ ಹೆಸರು.

ತೆಂಗಿನ ಸೀಮೆಯವರಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಬಲಿತ ಕಾಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲಿಯೇ ಕೂತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಯಾವತ್ತು ಇಳಿಸಿ ಒಡೆಯಬೇಕು ಅನ್ನುವುದೇ ಅದರಲ್ಲಿರುವ ವಿದ್ಯೆ. ಅವಸರಪಟ್ಟು ಒಡೆದರೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಊರವರೆಲ್ಲ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಗಡಗಡ ಅಂದರೆ ಆಯಿತು ಅನ್ನುತ್ತಾರೆ. ನಮ್ಮಕ್ಕನಿಗೆ ಕಿವಿಯ ಮೇಲೆ ನಂಬಿಕೆಯಿಲ್ಲ.

“ಕಿವಿ ಊರೋರ ಮಾತನ್ನೇ ನಂಬ್ತದೆ, ಕೊಬ್ಬರಿ ಸುಳ್ಳು ಹೇಳಿದ್ರೆ ನಂಬಲ್ವಾ? ಹಲ್ಲು ಹಂಗಲ್ಲ ಕಣ್ಲಾ. ಅದು ಯಾರ ಮಾತೂ ಕೇಳಲ್ಲ.”

ಅವಳು ಅಟ್ಟ ನೋಡಲು ಬರುತ್ತಾಳೆ ಅಂದರೆ ಡಾಕ್ಟರು ಮನೆಗೆ ಬಂದ ಹಾಗೆ. ಮೂರು ದಿನ ಮೊದಲೇ ಕಾಫಿ ಬಿಡುತ್ತಿದ್ದಳು, ಎಲೆ ಅಡಿಕೆಯನ್ನಂತೂ ಮುಟ್ಟುತ್ತಿರಲಿಲ್ಲ. ಅಟ್ಟದ ನಾಲ್ಕು ಮೂಲೆಯಿಂದ ನಾಲ್ಕು, ನಡುವಿನಿಂದ ಒಂದು ಕಾಯಿ ಒಡೆಸಿ, ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಒಂದೊಂದು ಚೂರು ಕಚ್ಚುತ್ತಿದ್ದಳು. ಕಟಕ್. ಮನೆಯವರೆಲ್ಲ ಉಸಿರು ಹಿಡಿದು ನಿಂತಿರುತ್ತಿದ್ದರು. “ಇನ್ನೂ ಹನ್ನೆರಡು ದಿನ. ಬಡಗಲ ಮೂಲೇದು ಹದಿನಾರು.” ಅಷ್ಟೇ ಮಾತು, ಎದ್ದು ಹೋಗುತ್ತಿದ್ದಳು. ಹಂದನಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಜನ ಕೊಬ್ಬರಿ ಚೂರನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದರು. ಒಬ್ಬರು ಬರಲು ಸೋಮಾರಿತನವಾಗಿ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ನಮ್ಮಕ್ಕ ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಇದುನ್ನ ಎಲ್ಲಿಂದ ಕಚ್ಚನ?” ಅಂದಳು.

ಈ ಹಲ್ಲಿನಿಂದಲೇ ಅವಳ ಮದುವೆಯೂ ಆದದ್ದು. ಹೆಣ್ಣು ನೋಡಲು ಬಂದವರು ತಟ್ಟೆಯಲ್ಲಿ ಹೂವು, ಹಣ್ಣು, ಅವರ ತೋಟದ್ದೇ ಅಂತ ಎರಡು ಉಂಡೆ ಕೊಬ್ಬರಿ ತಂದಿದ್ದರು. ತಲೆ ತಗ್ಗಿಸಿ ಕೂರು ಅಂತ ನಮ್ಮವ್ವ ಸಾರಿ ಸಾರಿ ಹೇಳಿದ್ದಳು. ಅಕ್ಕ ತಲೆ ತಗ್ಗಿಸಿಯೇ ಕೂತಿದ್ದಳು, ತಗ್ಗಿಸಿದ ತಲೆಯಲ್ಲೇ ಒಂದು ಚೂರು ಕೊಬ್ಬರಿ ಮುರಿದು ಬಾಯಿಗೆ ಹಾಕಿಕೊಂಡಳು. ಗಂಡಿನ ಅಪ್ಪ “ಏನಾದ್ರೂ ಕೇಳೋದಿದ್ರೆ ಕೇಳಮ್ಮ” ಅಂದರು. ನಮ್ಮಕ್ಕ ಕೇಳಿಯೇಬಿಟ್ಟಳು: “ನಿಮ್ಮ ಅಟ್ಟ ಸೋರ್ತದಾ?”

ನಮ್ಮಪ್ಪನ ಮುಖ ಕರಟದ ಹಾಗಾಯಿತು. ಗಂಡಿನ ಅಪ್ಪ, “ಹೋದ ಮಳೇಲಿ ನಾಕು ಹೆಂಚು ಒಡೆದಿದ್ದು ನಿಜ” ಎಂದರು. ಮದುವೆ ನಿಶ್ಚಯವಾಯಿತು. ನಮ್ಮ ತೋಟದ ಬದುವಿನಾಚೆಯೇ ಭಾವನ ತೋಟ. ಅಂದಿನಿಂದ ಇಂದಿನವರೆಗೆ ಭಾವ ಅವಳ ಮುಂದೆ ಮಾತಾಡಿದ್ದು ಕಡಿಮೆ. ಅವರ ಮನೆಯ ಅಟ್ಟ ಮಾತ್ರ ಮತ್ತೆ ಸೋರಲಿಲ್ಲ.

ಕೊಬ್ಬರಿ ಸಿಗದಿದ್ದಾಗ ಅವಳ ಹಲ್ಲುಗಳು ಸುಮ್ಮನಿರುತ್ತಿದ್ದವು ಅಂದುಕೊಂಡಿರಾ? ಚೀಲದ ಗಂಟು, ಸೋಡಾ ಬಾಟಲಿಯ ಮುಚ್ಚಳ, ಕಬ್ಬಿನ ಗೆಣ್ಣು, ಎಲ್ಲವೂ ಅವುಗಳಿಗೆ ಆಗಬೇಕು. ಒಂದು ಸಲ ಪಂಪ್‌ಸೆಟ್ ರಿಪೇರಿಗೆ ಬಂದವನು ಇಕ್ಕಳ ಮರೆತು ಬಂದಿದ್ದ. ಅಕ್ಕ ವೈರನ್ನು ಕಚ್ಚಿ ಸಿಪ್ಪೆ ಎಳೆದು ಕೊಟ್ಟಳು. ಭಾವ ನಡುಗಿಹೋದರು.

“ಕರೆಂಟ್ ಬಂದ್ಬುಟ್ಟಿದ್ರೆ ಏನೇ ಗತಿ?”

“ಬಂದಿದ್ರೆ ನನ್ ಹಲ್ ನೋಡಿ ವಾಪಸ್ ಹೋಗ್ತಿತ್ತು ಬುಡಿ.”

ಅವಳ ಹಲ್ಲುಜ್ಜುವ ವಿಧಾನವೂ ಅವಳದೇ. ಕರಟ ಸುಟ್ಟ ಇದ್ದಿಲಿಗೆ ಕಲ್ಲುಪ್ಪು ಹಾಕಿ ಕುಟ್ಟಿ, ಪಾತ್ರೆ ಉಜ್ಜಿದ ಹಾಗೆ ಉಜ್ಜುತ್ತಿದ್ದಳು. ಉಗುಳಿದರೆ ಕೆಂಪಗಿರುತ್ತಿತ್ತು. “ಕೆಟ್ ರಕ್ತ, ಹೋಗ್ಲಿ” ಅನ್ನುತ್ತಿದ್ದಳು. ನಾವೂ ಹೌದು ಅನ್ನುತ್ತಿದ್ದೆವು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಹೋಗುವಷ್ಟು ಕೆಟ್ಟ ರಕ್ತ ಒಬ್ಬಳ ಮೈಯಲ್ಲಿ ಹೇಗಿರುತ್ತದೆ ಅಂತ ಯಾರೂ ಯೋಚಿಸಲಿಲ್ಲ.

ಇಷ್ಟೆಲ್ಲ ಗಟ್ಟಿಯಿದ್ದ ನಮ್ಮಕ್ಕನಲ್ಲಿ ಮೆತ್ತಗಿನ ಜಾಗ ಒಂದೇ ಒಂದಿತ್ತು. ಅದು ಎದೆ. ಕೆಲವು ವರ್ಷಗಳ ಹಿಂದೆ ಅಟ್ಟದ ಏಣಿ ಹತ್ತುವಾಗ ಉಬ್ಬಸ ಬಂತೆಂದು ನಾನೇ ತುಮಕೂರಿಗೆ ಕರೆದುಕೊಂಡು ಹೋಗಿದ್ದೆ. ಹೃದಯದ ಡಾಕ್ಟರು ಪರೀಕ್ಷೆ ಮಾಡಿ, ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತಾ ಎಂದು ಕೇಳಿದರು. ಬಂದಿತ್ತು. ಅದರಿಂದ ಹೃದಯದ ಒಂದು ಕವಾಟಕ್ಕೆ ಪೆಟ್ಟಾಗಿದೆ, ಸ್ವಲ್ಪ ಸೋರುತ್ತದೆ, ಮಾತ್ರೆಯಲ್ಲಿ ಇರಬಹುದು ಎಂದರು. ಕೊನೆಗೆ ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಬಾಯಿ, ವಸಡು ಚೊಕ್ಕಟವಾಗಿರಬೇಕು, ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಇದನ್ನು ತೋರಿಸಲೇಬೇಕು ಅಂತ ಅದರಲ್ಲಿತ್ತು. ಎದೆಗೂ ಹಲ್ಲಿಗೂ ಎಲ್ಲಿಯ ನಂಟು? ಡಾಕ್ಟರು ಬೇರೆ ಯಾರಿಗೋ ಬರೆಯಬೇಕಾದ್ದನ್ನು ನಮಗೆ ಬರೆದಿರಬೇಕು ಅಂದುಕೊಂಡು ಚೀಟಿಯನ್ನು ಪರ್ಸಿನಲ್ಲಿ ಮಡಚಿಟ್ಟೆ.

ಇನ್ನು ನನ್ನ ವಿಷಯ. ಈ ಹಲ್ಲಿನ ಪ್ರಸಂಗದ ಹಿಂದಿನ ವರ್ಷ ನಾನು ಅಕ್ಕನ ಮಾತು ಮೀರಿದ್ದೆ. “ಇನ್ನೂ ಒಂದು ತಿಂಗಳು ಬುಡು” ಅಂದಿದ್ದಳು. ನಾನು ಕಿವಿಗೆ ಹಿಡಿದು ಅಲ್ಲಾಡಿಸಿ, ಆಗಿದೆ ಎಂದು ಒಡೆಸಿಬಿಟ್ಟೆ. ಅರ್ಧಕ್ಕರ್ಧ ಬೂಷ್ಟು. ಮಾರುಕಟ್ಟೆಯಲ್ಲಿ ನನ್ನ ಚೀಲ ಬಿಚ್ಚಿದವರು ಮೂಸಿ ನೋಡಿ, “ಆ ಅಕ್ಕನ ತಮ್ಮನಾ ನೀವು?” ಅಂತ ಕೇಳಿದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಈ ಸಲ ಏನಾದರೂ ಆಗಲಿ, ಅಕ್ಕ ಕಚ್ಚಿ ಹೇಳಿದ ದಿನವೇ ಒಡೆಯುವುದು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಅಟ್ಟದ ಕಾಯಿ ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅಕ್ಕನ ಕೊಬ್ಬರಿ ಹಲ್ಲಿನ ಬುಡ ಊದಿಕೊಂಡಿತು. ಕೆನ್ನೆ ನಿಂಬೆಹಣ್ಣು ಇಟ್ಟುಕೊಂಡ ಹಾಗಾಯಿತು. ಬಲವಂತ ಮಾಡಿ ತಿಪಟೂರಿಗೆ ಕರೆದೊಯ್ದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ವಸಡನ್ನು ಸಣ್ಣ ಕಡ್ಡಿಯಲ್ಲಿ ಮುಟ್ಟಿದರೆ ಸಾಕು, ರಕ್ತ ಬರುತ್ತಿತ್ತು. ಬೇರೆ ಕಾಯಿಲೆ ಏನಾದರೂ ಇದೆಯಾ ಎಂದು ಕೇಳಿದಾಗ ನಾನು ಪರ್ಸಿನಿಂದ ಚೀಟಿ ತೆಗೆದುಕೊಟ್ಟೆ. ಅವರು ಅದನ್ನು ಓದಲು ಆ ಕಡೆ ತಿರುಗಿದ್ದೇ ತಡ, ನಮ್ಮಕ್ಕ ಕುರ್ಚಿಯಿಂದ ಇಳಿದಳು.

“ಹೊರಗಡೆ ಎಳನೀರ್ ಗಾಡಿಯವನು ಮಚ್ಚು ಹಿಡಿದಿರೋದೇ ಸರಿಯಿಲ್ಲ ಕಣ್ಲಾ. ಬೆರಳು ಕಳ್ಕತಾನೆ. ಹೇಳ್ಬುಟ್ಟು ಬತ್ತೀನಿ.”

ಹೀಗೆ ನಮ್ಮಕ್ಕ ಬೀದಿಯಲ್ಲಿ ಇನ್ನೊಬ್ಬನ ಬೆರಳು ಉಳಿಸುತ್ತಿರುವಾಗ ಡಾಕ್ಟರಮ್ಮ ಒಳಗೆ ನನಗೆ ಹೇಳಿದರು.

“ಇವರ ಹೃದಯದ ಕವಾಟ ಸರಿಯಿಲ್ಲ. ವಸಡಿನ ಕೀವು ರಕ್ತಕ್ಕೆ ಸೇರಿದ್ರೆ ಅಲ್ಲಿ ಹೋಗಿ ಕೂರಬಹುದು. ಕಾಯೋ ಹಾಗಿಲ್ಲ. ಹೃದಯದ ಡಾಕ್ಟರ ಹತ್ರ ಫೋನಲ್ಲಿ ಮಾತಾಡ್ತೀನಿ, ಮುಂಚೆಯೇ ಮಾತ್ರೆ ಕೊಟ್ಟು ಈ ವಾರವೇ ಕೀಳೋಣ. ಅವರಿಗೆ ಸರಿಯಾಗಿ ತಿಳಿಸಿ ಹೇಳಿ.”

ನಾನು ಹೂಂ ಅಂದೆ. ಹೊರಗೆ ಬಂದೆ. ಅಕ್ಕ ಗಾಡಿಯವನ ಮಚ್ಚನ್ನೇ ಕಿತ್ತುಕೊಂಡು ಎಳನೀರು ಕೆತ್ತಿ ತೋರಿಸುತ್ತಿದ್ದಳು. “ಏನಂದ್ರು?” ಅಂದಳು. ನನ್ನ ಕಣ್ಣೆದುರಿಗೆ ಅಟ್ಟ ಬಂತು, ಬೂಷ್ಟು ಬಂತು, ಮೂಸಿ ನೋಡಿದವರ ಮುಖ ಬಂತು. ಹಲ್ಲು ಕಿತ್ತ ಬಾಯಲ್ಲಿ ಕೊಬ್ಬರಿ ಕಚ್ಚುವವರು ಯಾರು? ಹದಿನೈದು ದಿನದಲ್ಲಿ ಏನಾಗಿಬಿಡುತ್ತದೆ ಅಂದುಕೊಂಡೆ.

“ಹದಿನೈದು ದಿನ ಬುಟ್ಟು ಬನ್ನಿ ಅಂದ್ರು.”

“ನಾನ್ ಹೇಳ್ಲಿಲ್ವಾ, ಏನೂ ಇಲ್ಲ ಅಂತ” ಎಂದು ಅಕ್ಕ ಎಳನೀರು ಕೊಟ್ಟಳು. ಕುಡಿದೆ.

ಆ ವಾರವೇ ಅವಳು ನಮ್ಮ ಅಟ್ಟ ಹತ್ತಿದಳು. ಐದು ಕಾಯಿ ಒಡೆದೆವು. ಕಚ್ಚಿದಳು. ಕಟಕ್ ಅನ್ನುವುದರ ಜೊತೆಗೆ ಅವಳ ಬಾಯಿಂದ ಸಣ್ಣದೊಂದು ಹಾ ಬಂತು. ಬೆಳ್ಳಗಿನ ಕೊಬ್ಬರಿಯ ಮೇಲೆ ಕೆಂಪು ಗೆರೆ ಮೂಡಿತ್ತು. ನಾನು ಅದನ್ನು ನೋಡಿದೆ. ಪಂಚೆಯ ತುದಿಯಿಂದ ಒರೆಸಿದೆ. “ಇನ್ನೂ ಇಪ್ಪತ್ತೈದು ದಿನ” ಅಂದಳು. ನಾನು ಕಾದೆ. ನನ್ನ ಜೊತೆಗೆ ಅವಳ ಹಲ್ಲೂ ಕಾಯಿತು. ಹದಿನೈದು ದಿನವಾದಾಗ ನಾನು ನೆನಪಿಸಲಿಲ್ಲ, ಊತ ಸ್ವಲ್ಪ ಇಳಿದಿತ್ತೆಂದು ಅವಳೂ ಕೇಳಲಿಲ್ಲ. ಆ ವರ್ಷದ ನನ್ನ ಕೊಬ್ಬರಿ ಹೇಗಿತ್ತು ಅಂತೀರಿ? ಹಾಲಿನಂತಿತ್ತು. ಮಾರುಕಟ್ಟೆಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ನಾನು ಎದೆಯುಬ್ಬಿಸಿ ಮನೆಗೆ ಬಂದೆ. ಬಂದರೆ ನನ್ನ ಹೆಂಡತಿ, “ಅತ್ತಿಗೆಗೆ ದಿನಾ ಸಂಜೆ ಜ್ವರ ಬತ್ತಾ ಐತಂತೆ, ರಾಗಿಮುದ್ದೆ ಮುಟ್ತಾ ಇಲ್ಲವಂತೆ” ಅಂದಳು.

ಅಂಗಡಿ ಮಾತ್ರೆಗೆ ಆ ಜ್ವರ ಬಗ್ಗಲಿಲ್ಲ. ಏಣಿ ಇರಲಿ, ಹೊಸಿಲು ದಾಟಿದರೂ ಉಬ್ಬಸ. ತುಮಕೂರಿಗೆ ಓಡಿದೆವು, ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ. ಕಾರಿನಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ಅಷ್ಟು ಹಗುರವಾದ ತಲೆಯನ್ನು ನಾನು ಹೊತ್ತಿದ್ದು ಅದೇ ಮೊದಲು.

ಅಲ್ಲಿನ ಡಾಕ್ಟರು ಎದೆ ನೋಡಿದವರೇ ಟಾರ್ಚ್ ಹಿಡಿದು ಬಾಯಿ ತೆಗೆಸಿದರು. “ಎದೆ ನೋಡೋರಿಗೆ ಬಾಯಿ ಯಾಕಪ್ಪಾ?” ಅಂತ ಅಷ್ಟು ನಿತ್ರಾಣದಲ್ಲೂ ನಮ್ಮಕ್ಕ ಕೇಳಿದಳು. ಎರಡು ದಿನ ಬಿಟ್ಟು, ವರದಿ ಬಂದ ಮೇಲೆ ಅವರು ನಿಧಾನವಾಗಿ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಸಿಕ್ಕಿರುವುದು ಬಾಯಲ್ಲಿರುವ ಜಾತಿಯ ಕ್ರಿಮಿಗಳು. ವಸಡಿನಿಂದ ರಕ್ತಕ್ಕೆ ಇಳಿದು, ಪೆಟ್ಟಾದ ಕವಾಟದ ಮೇಲೆ ಗೂಡು ಕಟ್ಟಿವೆ. ಕವಾಟ ಸರಿಯಿರುವವರಿಗೆ ಹೀಗಾಗುವುದು ಅಪರೂಪ. ಆದರೂ ವಸಡಿನ ರೋಗ ಇರುವವರಲ್ಲಿ ಹೃದಯದ, ರಕ್ತನಾಳದ ತೊಂದರೆಯೂ ಹೆಚ್ಚಾಗಿ ಕಾಣುತ್ತದೆ. ಅದರಿಂದಲೇ ಇದು ಅಂತ ಖಡಾಖಂಡಿತ ಹೇಳಲಾಗದು, ಬೀಡಿ, ಸಕ್ಕರೆ ಕಾಯಿಲೆಗಳು ವಸಡು, ಹೃದಯ ಎರಡನ್ನೂ ಕೆಡಿಸುತ್ತವೆ. ಬಾಯಿಯನ್ನು ಬೇರೆ, ಮೈಯನ್ನು ಬೇರೆ ಅಂದುಕೊಳ್ಳಬಾರದು, ಅಷ್ಟೇ.

ನನಗೆ ಅರ್ಧ ಅರ್ಥವಾಯಿತು. ನಮ್ಮಕ್ಕನಿಗೆ ಪೂರ್ತಿ ಅರ್ಥವಾಯಿತು.

“ತೆಂಗಿನ ಮರದ ಕಾಂಡದಲ್ಲಿ ಕೆಂಪಗೆ ರಸ ಸೋರ್ತದಲ್ಲ, ಹಂಗೆ ಅನ್ನಿ. ಸೋರೋದು ಬುಡದಲ್ಲಿ, ಸೊರಗೋದು ಸುಳಿ. ಮರಕ್ಕಾದ್ರೆ ಔಷಧಿ ಬಳೀತೀವಿ, ನಮ್ಮ ವಸಡು ಸೋರಿದ್ರೆ ಕೆಟ್ ರಕ್ತ ಅಂತೀವಿ. ನಮ್ ಬುದ್ಧಿಗಿಷ್ಟು.”

ಡಾಕ್ಟರು ಪೆನ್ನು ಕೆಳಗಿಟ್ಟು, “ಅಮ್ಮ, ಇದನ್ನ ನಮ್ಮ ಹುಡುಗರಿಗೆ ನೀವೇ ಬಂದು ಪಾಠ ಮಾಡಿ” ಅಂದರು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಾದ ಮರುಕ್ಷಣವೇ ತಿಪಟೂರಿನ ಡಾಕ್ಟರಮ್ಮ ಹೇಳಿಕಳಿಸಿದ ಮಾತು ನೆನಪಾಯಿತು.

ಆರು ವಾರ ಸೂಜಿಮದ್ದು. ಜ್ವರ ಇಳಿದ ಮೇಲೆ ಅಲ್ಲಿಯೇ ಏಳು ಹಲ್ಲು ಕಿತ್ತರು. ಮೊದಲು ಹೋದದ್ದೇ ಕೊಬ್ಬರಿ ಹಲ್ಲು. ಅತ್ತಳಾ? ಇಲ್ಲ. ಮೂರನೆಯ ವಾರಕ್ಕೆಲ್ಲ ಎದ್ದು ಕೂತು ಅಕ್ಕಪಕ್ಕದ ಮಂಚದವರ ಬಾಯಿ ತೆಗೆಸಿ ನೋಡತೊಡಗಿದಳು. ನರ್ಸಮ್ಮ ಗದರಿದರೆ, “ನಿನ್ ಬಾಯೂ ತೆಗಿ ಮಗ, ಒಂದ್ಸಲ ನೋಡ್ಬುಡ್ತೀನಿ” ಅಂದಳಂತೆ.

ಊರಿಗೆ ಬಂದವಳು ಇನ್ನೊಂದು ಅವತಾರವನ್ನೇ ತಾಳಿದಳು. ಇದ್ದಿಲಿನ ಡಬ್ಬಿಯನ್ನು ತಿಪ್ಪೆಗೆ ಸುರಿದು ಮೆತ್ತನೆಯ ಬ್ರಷ್ ಹಿಡಿದಳು. ಬೆಳಿಗ್ಗೆ ಡೈರಿಯ ಮುಂದೆ ಊರೆಲ್ಲ ಹಾಲಿನ ಕ್ಯಾನು ಹಿಡಿದು ನಿಲ್ಲುತ್ತದಲ್ಲ, ಅಲ್ಲಿ ಹೋಗಿ ನಿಂತು ಒಬ್ಬೊಬ್ಬರನ್ನೂ ಹಿಡಿಯುತ್ತಿದ್ದಳು. “ಹಲ್ಲುಜ್ಜಿದ್ಯಾ? ಉಗುಳು, ನೋಡನ.” ಕೆಂಪು ಕಂಡರೆ ಆವತ್ತೇ ಬಸ್ಸು ಹತ್ತಿಸಬೇಕು. ಡೈರಿ ಸೆಕ್ರೆಟರಿ, “ಅಕ್ಕಾ, ಇಲ್ಲಿ ನೋಡೋದು ಹಾಲಿನ ಡಿಗ್ರಿ ಕಣಕ್ಕ, ಉಗುಳಿಂದಲ್ಲ” ಎಂದು ನಕ್ಕರು. ನಗುವಾಗ ಬಾಯಿ ತೆರೆದದ್ದೇ ತಪ್ಪಾಯಿತು. ಮಾರನೆಯ ದಿನ ಡೈರಿಗೆ ಬೀಗ, ಸೆಕ್ರೆಟರಿ ಹಲ್ಲಿನ ಆಸ್ಪತ್ರೆಯಲ್ಲಿ. ಹೋದವರಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಬಿ.ಪಿ. ಇರುವುದು ಗೊತ್ತಾಯಿತು. ಕೊಬ್ಬರಿ ಹದ ನೋಡುತ್ತಿದ್ದವಳು ಊರಿನ ಹದ ನೋಡಿಬಿಟ್ಟಳು. ಇಂಥ ಅಕ್ಕ ಎಷ್ಟು ಜನಕ್ಕಿರುತ್ತಾಳೆ?

ಆದರೆ ಪ್ರತಿ ಸಲವೂ ಅವಳು ತನ್ನ ಕಥೆ ಹೇಳುತ್ತಿದ್ದಳು. ಕಥೆಯಲ್ಲಿ ನಾನು ದೇವರಾಗಿದ್ದೆ.

“ನನ್ ತಮ್ಮ ಇಲ್ದಿದ್ರೆ ನಾನ್ ಇಷ್ಟೊತ್ತಿಗೆ ತೋಟದ ಮೂಲೇಲಿ ಮಲಗಿರ್ತಿದ್ದೆ. ಎತ್ಕಂಡ್ ಓಡಿದ ಕಣ್ರೀ. ಆ ತಿಪಟೂರ್ ಡಾಕ್ಟ್ರಮ್ಮ ಹದಿನೈದು ದಿನ ಬುಟ್ಟು ಬಾ ಅಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಅಲ್ಲಿಗೆ ಮಾತ್ರ ಹೋಗ್ಬ್ಯಾಡಿ.”

ಜನ ಹೋಗಲಿಲ್ಲ. ಹತ್ತಿರದ ಡಾಕ್ಟರನ್ನು ಬಿಟ್ಟು ತುಮಕೂರಿನ ಬಸ್ಸು ಹತ್ತಿದರು. ಮಾತೇ ಆಡದ ಭಾವ ಕೂಡ, “ಓದಿದೋರಿಗೆ ಅಷ್ಟು ಗೊತ್ತಾಗ್ಬ್ಯಾಡ್ವಾ?” ಅಂದರು. ನಮ್ಮೂರಿನಲ್ಲಿ ಆ ಹೆಣ್ಣುಮಗಳಿಗೆ ‘ಹದಿನೈದು ದಿನದ ಡಾಕ್ಟ್ರು’ ಅಂತ ಹೆಸರು ಬಿತ್ತು. ಸುಳ್ಳು ನನ್ನದು, ಹೆಸರು ಅವರಿಗೆ. ಹೇಳಿಬಿಡೋಣ ಅಂತ ಎಷ್ಟು ಸಲ ಬದು ದಾಟಿದೆನೋ. ಹೋದರೆ ಅಕ್ಕ, “ಬಾರಪ್ಪ, ನನ್ನ ಉಳಿಸಿದೋನೆ” ಅಂತ ಮಣೆ ಹಾಕುತ್ತಿದ್ದಳು. ಚಟ್ನಿ ರೊಟ್ಟಿ ತಿಂದು ವಾಪಸ್ ಬರುತ್ತಿದ್ದೆ.

ಹಲ್ಲಿನ ಸೆಟ್ ಕಟ್ಟಿಸುವ ದಿನ ಬಂತು. ನಾನು ತುಮಕೂರು ಅಂದೆ, ಬೆಂಗಳೂರು ಅಂದೆ.

“ತಿಪಟೂರಿಗೇ ನಡಿ” ಅಂದಳು ಅಕ್ಕ. “ಆ ಡಾಕ್ಟ್ರಮ್ಮನ್ನ ಮುಖ ಕೊಟ್ಟು ಒಂದ್ ಮಾತು ಕೇಳ್ಬೇಕು.”

ಡಾಕ್ಟರಮ್ಮ ಅಕ್ಕನನ್ನು ಕಂಡ ಕೂಡಲೇ ಎದ್ದು ಬಂದರು. ನಡೆದದ್ದನ್ನು ಕೇಳಿ ಅವರ ಮುಖ ಸಣ್ಣದಾಯಿತು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಅಚ್ಚು ತೆಗೆಯಲು ಬಟ್ಟಲಿನಲ್ಲಿ ಗುಲಾಬಿ ಬಣ್ಣದ ಹಿಟ್ಟು ಕಲಸತೊಡಗಿದರು. ಅಕ್ಕ ಶುರುಮಾಡಿದಳು.

“ಬೇಜಾರ್ ಮಾಡ್ಕಬ್ಯಾಡಿ ಕಣಮ್ಮ. ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ನಿಮಗೂ ಚಿಕ್ಕ ವಯಸ್ಸು. ಆದ್ರೆ ಎದೆ ಸರಿಯಿಲ್ಲದೋಳ್ನ ಹದಿನೈದು ದಿನ ಬುಟ್ಟು ಬಾ ಅಂದ್ರಲ್ಲ, ಅದು ಸರಿಯಾ?”

ಕಲಸುತ್ತಿದ್ದ ಕೈ ನಿಂತಿತು. ಅವರು ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಒಂದು ಮಾತಿನಲ್ಲಿ ನನ್ನನ್ನು ಮುಗಿಸಬಹುದಿತ್ತು, ಮುಗಿಸಲಿಲ್ಲ. ಹಿಟ್ಟು ಗಟ್ಟಿಯಾಗುತ್ತಿತ್ತು. ಅದನ್ನು ಅಚ್ಚಿಗೆ ತುಂಬಿ ಅಕ್ಕನ ಬಾಯೊಳಗಿಟ್ಟು ಬೆರಳಿನಿಂದ ಒತ್ತಿ ಹಿಡಿದರು.

“ಮೂರು ನಿಮಿಷ ಮಾತಾಡ್ಬಾರ್ದು, ಅಲ್ಲಾಡ್ಬಾರ್ದು” ಅಂದರು ಅಕ್ಕನಿಗೆ. ಆಮೇಲೆ ನನ್ನ ಕಡೆ ತಿರುಗಿದರು. “ಅಷ್ಟರಲ್ಲಿ ನೀವೇನಾದ್ರೂ ಹೇಳೋದಿದ್ರೆ ಹೇಳಿ.”

ಹುಟ್ಟಿದಾಗಿನಿಂದ ನಾನು ನೋಡಿದ ಹಾಗೆ ನಮ್ಮಕ್ಕ ಮೂರು ನಿಮಿಷ ಸುಮ್ಮನಿದ್ದದ್ದಿಲ್ಲ. ಇಂಥ ಸಂದರ್ಭ ನನ್ನಂಥ ಹೇಡಿಗೆ ಇನ್ನೊಮ್ಮೆ ಸಿಗುವಂಥದ್ದೂ ಅಲ್ಲ. ಕುರ್ಚಿಯ ಪಕ್ಕ ಹೋಗಿ ನಿಂತೆ.

“ಡಾಕ್ಟ್ರಮ್ಮ ಈ ವಾರವೇ ಕೀಳ್ಬೇಕು ಅಂದಿದ್ರು ಕಣಕ್ಕ. ಕಾಯೋ ಹಂಗಿಲ್ಲ, ಎದೆಗೆ ಹೋಯ್ತದೆ ಅಂತನೂ ಅಂದಿದ್ರು. ಹದಿನೈದು ದಿನ ಅಂತ ಹೇಳಿದ್ದು ನಾನು.”

ಅಕ್ಕನ ಕಣ್ಣು ಮಾತ್ರ ನನ್ನ ಕಡೆ ತಿರುಗಿತು. ಕೈ ಬಾಯಿಯ ಹತ್ತಿರ ಹೋಯಿತು. ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. ಆ ಕೈ ಅಲ್ಲಿಂದ ಇಳಿದು, ತಡವರಿಸಿ, ನನ್ನ ಮುಂಗೈಯನ್ನು ಹಿಡಿದುಕೊಂಡಿತು. ಹೊಡೆಯಲು ಹಿಡಿದಳೋ, ಬೀಳದ ಹಾಗೆ ಹಿಡಿದಳೋ ಗೊತ್ತಾಗಲಿಲ್ಲ. ಬಿಗಿಯಾಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ. ಇನ್ನೂ ಎರಡು ನಿಮಿಷ ಇತ್ತು, ನನಗೆ ಅಷ್ಟು ಬೇಕಾಗಲಿಲ್ಲ.

“ನನ್ ಕೊಬ್ಬರಿ ಕೆಡ್ತದೆ ಅಂತ ನಿನ್ ಹಲ್ಲು ಉಳಿಸ್ಕಂಡೆ, ನಿನ್ ಪ್ರಾಣದ್ ಯೋಚ್ನೆ ಮಾಡ್ಲಿಲ್ಲ. ತೆಪ್ಪಾಯ್ತು ಅಕ್ಕ. ನನ್ನ ಕ್ಷಮಿಸ್ಬುಡು.”